ಅಕ್ಕ ಊದಿದ ಬಿಲ್ಲೆ

ಸಾಯುವವರು ದೂರದಿಂದ ಸೂಚನೆ ಕೊಟ್ಟರಂತೆ, ಗೋಡೆಯ ಮೇಲಿನ ಪಟ ತಾನಾಗಿ ಬಿತ್ತಂತೆ ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಅಂಥ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ಈಗ ಅಂಥದ್ದೇ ಒಂದನ್ನು ನಾನೇ ಹೇಳಬೇಕಾಗಿದೆ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಆಗ ನಾನು ಹಿಂದೂಪುರದ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಕಬ್ಬಿಣ ಮತ್ತು ಮೆಗ್ನೀಸಿಯಂ ಸೇರಿದ ಆಕ್ಸೈಡನ್ನು ನ್ಯಾನೊ ಕಣಗಳ ಪುಡಿಯಾಗಿ ತಯಾರಿಸಿ, ಒತ್ತಿ, ಸುಟ್ಟು, ಮಾತ್ರೆಯಷ್ಟಗಲದ ಬಿಲ್ಲೆ ಮಾಡಬೇಕು. ಅದು ಅಯಸ್ಕಾಂತಕ್ಕೆ ಎಷ್ಟು ಒಲಿಯುತ್ತದೆ, ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯಬೇಕು. ಬಿಲ್ಲೆಯ ತುಂಬ ಕಣ್ಣಿಗೆ ಕಾಣದ ತೂತುಗಳು. ಹತ್ತಿರ ಉಸಿರು ಬಿಟ್ಟರೆ ತೇವ ಹೀರಿಕೊಂಡು ಮೀಟರಿನ ಅಂಕಿ ಇಳಿಯುತ್ತದೆ, ತೇವ ಆರಿದಂತೆ ಮತ್ತೆ ಏರುತ್ತದೆ.

ಕಲ್ಯಾಣದುರ್ಗದಲ್ಲಿದ್ದ ನನ್ನ ಅಕ್ಕನಿಗೆ ಕಡಲೆಕಾಯಿ ಮಿಲ್ಲಿನ ಧೂಳು ಕುಡಿದು ಎದೆ ಕೆಟ್ಟಿತ್ತು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಡಾಕ್ಟರಿಗೆ ತೋರಿಸಲು ಹಿಂದೂಪುರಕ್ಕೆ ಬಂದವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಬಿಲ್ಲೆಯ ಮೇಲೆ ಊದು ಎಂದೆ.

"ನನ್ನ ಉಸ್ರು ಡಾಕ್ಟ್ರಿಗೇ ತಿಳೀಲಿಲ್ಲ, ಈ ಬಿಲ್ಲೆಗೇನ್ ತಿಳೀತದೆ ಕಣಮ್ಮ?" ಎಂದು ನಕ್ಕು ಊದಿದಳು. ಅವಳಿಗೆ ಒಂದೇ ಸಲ ಊದಲಾಗದು. ಎರಡು ಗಿಡ್ಡ ಉಸಿರು, ಒಂದು ಉದ್ದ. ಅಂಕಿಯೂ ಹಾಗೆಯೇ ಇಳಿದು ಏರಿತು.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ, ಅದೇ ಬಿಲ್ಲೆಯನ್ನು ಗಾಜಿನ ಮುಚ್ಚಳದಡಿ ಇಟ್ಟು ಅಳೆಯುತ್ತಿದ್ದೆ. ಅಂಕಿ ತಾನಾಗಿ ಇಳಿಯಿತು, ಏರಿತು. ಎರಡು ಗಿಡ್ಡ, ಒಂದು ಉದ್ದ. ತಂತಿ ಸಡಿಲವಾಗಿರಬೇಕೆಂದು ಬಿಗಿ ಮಾಡಿದೆ. ಫ್ಯಾನ್ ನಿಲ್ಲಿಸಿದೆ. ಮೀಟರನ್ನೇ ಬದಲಿಸಿದೆ. ನನ್ನ ಉಸಿರು ಬಿಗಿಹಿಡಿದೂ ನೋಡಿದೆ. ಮತ್ತೆ ಎರಡು ಗಿಡ್ಡ, ಒಂದು ಉದ್ದ. ಆ ಉದ್ದದ್ದರಲ್ಲಿ ಇಳಿದ ಅಂಕಿ ಮೇಲೇರಲೇ ಇಲ್ಲ.

ಭಾವನಿಗೆ ಫೋನ್ ಮಾಡಿದೆ.

"ಈಗ ಪರ್ವಾಲೇದು ಕಣಮ್ಮ. ಬೆಳಗ್ಗಿಂದ ಏದುಸ್ರು ಬಿಡ್ತಿದ್ಲು, ಈಗ್ತಾನೆ ಸಲೀಸಾಗಿ ನಿದ್ದೆ ಬಂದ್ಬುಡ್ತು. ಬಾಗ್ಲು ಮುಂದುಕ್ ಮಾಡಿ ಈಚೆ ಬಂದೆ."

"ಒಳಕ್ಕೋಗಿ ಎಬ್ಸಿ ಭಾವ!"

"ಪಾಪ, ಮಲ್ಕಳ್ಳಿ ಬಿಡು" ಎನ್ನುತ್ತಲೇ ಒಳಗೆ ಹೋದರು. ಅಕ್ಕನ ಹೆಸರು ಹಿಡಿದು ಕರೆಯುವುದು ಫೋನಿನಲ್ಲಿ ಕೇಳಿಸಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಅವಳು ಏಳಲಿಲ್ಲ.

ಬಿಲ್ಲೆ ಕೆಟ್ಟಿರಬೇಕು ಎಂದರು ನನ್ನ ಗೈಡ್. ಇರಬಹುದು. ಆದರೆ ಕೆಟ್ಟ ಬಿಲ್ಲೆಗೆ ಅಕ್ಕನ ಉಸಿರಿನ ಲಯ ಎಲ್ಲಿಂದ ಬಂತು? ಥೀಸಿಸ್ ಅರ್ಧಕ್ಕೇ ನಿಂತಿದೆ. ಅವಳೇ ಇಲ್ಲದ ಮೇಲೆ ಮುಗಿಸಿ ಯಾರಿಗೆ ತೋರಿಸಲಿ? ಒಮ್ಮೆ ಕಾಯಿಸಿದರೆ ತೇವವೆಲ್ಲ ಹಾರಿ ಬಿಲ್ಲೆ ಮೊದಲಿನಂತಾಗುತ್ತದಂತೆ. ನಾನು ಕಾಯಿಸಿಲ್ಲ. ಅದನ್ನು ಹೊರಗೆ ತೆಗೆದಾಗಲೆಲ್ಲ ಮುಖ ಆಚೆ ತಿರುಗಿಸಿ ಉಸಿರಾಡುತ್ತೇನೆ.