ಸೂಜಿ ಆದಮೇಲಿನ ಅರ್ಧ ಗಂಟೆ

ನಮ್ಮವ್ವ ಸೂಜಿಗೆ ಹೆದರಿ ಇನ್ಸುಲಿನ್ ಬಿಟ್ಟಳು ಎಂದು ಮಿರ್ಲೆಯಿಂದ ಸಾಲಿಗ್ರಾಮದ ಬಸ್‌ಸ್ಟ್ಯಾಂಡಿನವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಗದ್ದೆಯಲ್ಲಿ ಅಡ್ಡ ಬಂದ ನಾಗರಹಾವನ್ನು ಸನಿಕೆಯಿಂದ ಅತ್ತ ತಳ್ಳಿ ಕಳೆ ಕೀಳುತ್ತಿದ್ದವಳು, ಉಗುರುದ್ದದ ಸೂಜಿಗೆ ಹೆದರಿದಳಂತೆ! ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೊದಮೊದಲು ಅವಳು ಸರಿಯಾಗಿಯೇ ಹಾಕಿಕೊಳ್ಳುತ್ತಿದ್ದಳು. ಫ್ರಿಜ್ಜಿನ ಬಾಗಿಲಲ್ಲಿ ಹುಣಿಸೆಹಣ್ಣಿನ ಡಬ್ಬಿಯ ಪಕ್ಕ ಇಟ್ಟಿದ್ದ ಸೀಸೆಯನ್ನು ತೆಗೆದು, ಅಂಗೈಯಲ್ಲಿ ಉರುಳಿಸಿ, ಗೋಡೆಯ ಕಡೆ ತಿರುಗಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಳು. "ಸೊಳ್ಳೆ ಕಚ್ದಂಗೆ ಕಣ್ಲಾ, ಅಷ್ಟೇಯ" ಎನ್ನುತ್ತಿದ್ದಳು. ಸೂಜಿ ಆದ ಅರ್ಧ ಗಂಟೆಯೊಳಗೆ ಊಟ ಮಾಡಲೇಬೇಕು, ಇಲ್ಲದಿದ್ದರೆ ಮೈಯ ಸಕ್ಕರೆ ತೀರಾ ಇಳಿದು ಬಿದ್ದುಬಿಡುತ್ತಾರೆ ಎಂದು ಕೆ.ಆರ್. ನಗರದ ಡಾಕ್ಟರು ನನ್ನೆದುರಿಗೇ ಹೇಳಿದ್ದರು. ನಾನೂ ತಲೆಯಾಡಿಸಿ ಬಂದಿದ್ದೆ.

ನಾಟಿ ಕಾಲ ಬಂತು, ಸೂಜಿ ನಿಂತಿತು. ಕೇಳಿದರೆ "ಈಗ ಬುಡು, ನಾಟಿ ಮುಗೀಲಿ" ಎಂದಳು. ನಾಟಿ ಮುಗಿಯಿತು, ಕಳೆ ಬಂತು, ಕೊಯ್ಲು ಬಂತು. ಸೀಸೆ ಫ್ರಿಜ್ಜಿನಲ್ಲೇ ಉಳಿಯಿತು.

ಒಂದು ಬೆಳಗ್ಗೆ ರೇಗಿಬಿಟ್ಟೆ. "ಸಾಯ್ಬೇಕು ಅಂತ ಇದ್ದೀಯೇನವ್ವಾ?" ಎಂದೆ. ಅವಳು ಮುದ್ದೆ ತಿರುವುವ ಕೈ ನಿಲ್ಲಿಸಲಿಲ್ಲ. "ಊಂ ಕಣಪ್ಪ. ಬಾ, ಉಣ್ಣು, ಆರೋಯ್ತದೆ." ನಾನು ಮುಖ ಊದಿಸಿಕೊಂಡೇ ಉಂಡೆ. ಅಪ್ಪ ಉಂಡರು. ನಮ್ಮ ಮನೆ ಗದ್ದೆಯ ಪಕ್ಕದಲ್ಲೇ ಇದ್ದದ್ದರಿಂದ ಆಳುಗಳೂ ಜಗಲಿಗೆ ಬಂದು ಉಂಡರು. ಅವಳು ಯಾವಾಗ ಉಂಡಳೋ ಗೊತ್ತಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳು ಉಣ್ಣುವುದನ್ನು ನಾನು ಕಣ್ಣಿಟ್ಟು ನೋಡಿದವನಲ್ಲ.

ಕಾಲಿನಲ್ಲಿ ಹುಣ್ಣಾಯಿತು, ಮಾಯಲಿಲ್ಲ. ಮೊದಲು ಬೆರಳು ಹೋಯಿತು. ಆಮೇಲೆ ಅವ್ವನೇ ಹೋದಳು.

ಈಗ ನನಗೂ ಅದೇ ಕಾಯಿಲೆ, ಅದೇ ಸೂಜಿ. ನಾನು ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ ಎಂದು ಬೀಗುತ್ತಿದ್ದೆ. ಚುಚ್ಚಿಕೊಂಡು ಬಂದು ಕೂತರೆ ಸಾಕು, ಹೆಂಡತಿ ತಟ್ಟೆ ತಂದಿಡುತ್ತಾಳೆ. ಹೋದ ವರ್ಷ ನಾಟಿಯ ದಿನವೇ ಅವಳು ತವರಿಗೆ, ಹಾರನಹಳ್ಳಿಗೆ ಹೋಗಬೇಕಾಗಿ ಬಂತು. ಅಡುಗೆ ಮಾಡಿಟ್ಟು, ಬಡಿಸುವ ಕೆಲಸ ನನಗೆ ಒಪ್ಪಿಸಿದಳು. ನಾನು ಸೂಜಿ ಹಾಕಿಕೊಂಡೆ. ಅಷ್ಟರಲ್ಲಿ ನಾಟಿಯ ಹೆಂಗಸರು ಕೈಕಾಲು ತೊಳೆದು ಬಂದು ಕೂತೇಬಿಟ್ಟರು. ಹಸಿದವರ ಮುಂದೆ ನಾನು ಮೊದಲು ತಟ್ಟೆ ಹಾಕಿಕೊಳ್ಳುವುದು ಹೇಗೆ? ಇಕ್ಕಿದೆ. ಸಾರು ಬಿಟ್ಟೆ. ಮತ್ತೆ ಕೇಳಿದವರಿಗೆ ಮತ್ತೆ ಇಕ್ಕಿದೆ. ಮೈಯೆಲ್ಲ ಬೆವರಿತು, ಕೈಯಲ್ಲಿದ್ದ ಸೌಟು ನಡುಗಿತು. ಹೊಸ್ತಿಲ ಮೇಲೆ ಕುಸಿದೆ.

ಅವ್ವನ ಕಾಲದಿಂದ ನಮ್ಮ ಗದ್ದೆಗೆ ಬರುತ್ತಿದ್ದ ಮುದುಕಿಯೊಬ್ಬಳು ಎಂಜಲು ಕೈ ಒರೆಸಿಕೊಂಡು ಓಡಿಬಂದಳು. ಸೀದಾ ಒಳಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ತುರುಕಿದಳು. ಏನು ಮಾಡಬೇಕೆಂದು ಅವಳಿಗೆ ಮೊದಲೇ ಗೊತ್ತಿತ್ತು.

"ನಿಮ್ಮವ್ವಾರೂ ಇಂಗೇ ಬಿದ್ದಿದ್ರು ಕಣಪ್ಪ, ಇದೇ ಜಾಗ್ದಲ್ಲಿ. ಸೂಜಿ ಆಕ್ಕಂಡು ನಮ್ಗೆಲ್ಲ ಇಕ್ತಾ ನಿಂತಿದ್ರು. ನೀವು ಒಂದ್ ತುತ್ತು ಮೊದ್ಲು ಉಣ್ಣಿ ಅಂದ್ರೆ, ಅಸ್ಕೊಂಡ್ ಬಂದೋರ್ಗಿಂತ ಮುಂಚೆ ನಾನೆಂಗ್ ಉಣ್ಲಿ ಅಂದ್ರು. ಅವತ್ತೇ ಸೂಜಿ ಬುಟ್ರು. ನನ್ ಮಗಂಗೆ ಏಳ್ಬ್ಯಾಡ, ಗಾಬ್ರಿ ಆಯ್ತನೆ ಅಂದಿದ್ರು."

ನಾನು ಅತ್ತೆ. ಅಷ್ಟು ಜನ ಹೆಂಗಸರ ಮುಂದೆ, ಬಾಯ್ತುಂಬ ಸಕ್ಕರೆ ಇಟ್ಟುಕೊಂಡು, ನಾಚಿಕೆ ಬಿಟ್ಟು ಅತ್ತೆ. ಮುದುಕಿ ತಟ್ಟೆಗೆ ಮುದ್ದೆ ಹಾಕಿ ನನ್ನ ಮುಂದಿಟ್ಟಳು. ನಾನು ಮೊದಲ ತುತ್ತು ನುಂಗುವವರೆಗೂ ಒಬ್ಬರೂ ಮತ್ತೆ ತಮ್ಮ ತಟ್ಟೆಗೆ ಕೈ ಹಾಕಲಿಲ್ಲ. ಇಷ್ಟು ಸುಲಭವಾಗಿತ್ತು.

ಈಗಲೂ ದಿನಾ ಬೆಳಗ್ಗೆ ಸೀಸೆಯನ್ನು ಅಂಗೈಯಲ್ಲಿ ಉರುಳಿಸುವಾಗ ಒಂದೇ ಆಸೆ ಬರುತ್ತದೆ. ಅವ್ವ ಒಂದು ಸಲ ಬರಲಿ, ಗೋಡೆಯ ಕಡೆ ತಿರುಗಿ ಚುಚ್ಚಿಕೊಳ್ಳಲಿ. ಆಳುಗಳು ಕಾಯಲಿ, ಅಪ್ಪ ಕಾಯಲಿ, ನಾನೂ ಕಾಯುತ್ತೇನೆ. ಮುದ್ದೆ ನಾನೇ ಇಕ್ಕುತ್ತೇನೆ. ಅವಳೆದುರಿಗೆ ಕುಳಿತು, ಅವಳು ಉಣ್ಣುವುದನ್ನು ನೋಡಬೇಕು.