ಟೀವಿಗೆ ಇಟ್ಟ ಕುಂಕುಮ

ಈವತ್ತು ನಮ್ಮೂರು ತಾಳ್ಯದಲ್ಲಿ ಚಿಕ್ಕಮ್ಮನ ಕೈಗೆ ನನ್ನ ಮೊಬೈಲು ಕೊಟ್ಟೆ. ಅವಳು ಟೀವಿಯಲ್ಲಿ ನೋಡುತ್ತಿದ್ದ ಹಳೆಯ ಧಾರಾವಾಹಿಯ ಕಂತುಗಳೆಲ್ಲ ಅದರಲ್ಲಿ ಸಿಕ್ಕಿದ್ದವು. ನೋಡುವ ಮೊದಲು ಗಾಜಿಗೊಂದು ಕುಂಕುಮದ ಬೊಟ್ಟು ಇಟ್ಟಳು.

ನಾನು ಚಿಕ್ಕವನಿದ್ದಾಗ ಪ್ರತಿ ಶುಕ್ರವಾರ ನಮ್ಮ ಟೀವಿಗೂ ಹೀಗೇ ಇಡುತ್ತಿದ್ದಳು. ಪರದೆಯ ನಡುವೆ ಬಂದ ಮೀಸೆ ಗಂಡಸರೆಲ್ಲ ಆ ಬೊಟ್ಟಿಗೆ ಸಿಕ್ಕಿ ಮುತ್ತೈದೆಯರಾಗುತ್ತಿದ್ದರು. ಧಾರಾವಾಹಿಯ ನಾಯಕಿಯ ಗಂಡ ಮನೆ ಬಿಟ್ಟು ಹೋಗಿದ್ದ. ನಮ್ಮ ಚಿಕ್ಕಪ್ಪನೂ ಬೋರ್‌ವೆಲ್ ಲಾರಿ ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ.

"ಅವ್ಳ ಗಂಡ ಬಂದ ವಾರ ನಿಮ್ ಚಿಕ್ಕಪ್ಪನೂ ಬರ್ತಾನೆ ಕಣೋ" ಎನ್ನುತ್ತಿದ್ದಳು ಚಿಕ್ಕಮ್ಮ.

"ಗುಡಿ ಗೋಪುರಕ್ಕಿಂತ ನಮ್ ಆಂಟೆನಾನೇ ಎತ್ರ ಐತೆ, ದೇವ್ರಿಗೆ ಬೇಗ ಕೇಳ್ಸುತ್ತೆ ಬಿಡು" ಎಂದು ಅಜ್ಜಿ ಕಾಲೆಳೆಯುತ್ತಿದ್ದಳು.

ಒಂದು ಶುಕ್ರವಾರ ಹೇಳದೆ ಕೇಳದೆ ಧಾರಾವಾಹಿ ನಿಂತು, ಆ ಹೊತ್ತಿಗೆ ಅಡುಗೆ ಕಾರ್ಯಕ್ರಮ ಬಂತು. ಎಣ್ಣೆಗಾಯಿ ಬೆಂದು ಇಳಿಯುವವರೆಗೂ ಚಿಕ್ಕಮ್ಮ ಕದಲಲಿಲ್ಲ. ಊಟದ ಹೊತ್ತಿಗಾದರೂ ಆ ಗಂಡ ಬಂದಾನು ಎಂದು ಕಾದಳು.

ಈವತ್ತು ಮೊಬೈಲಿನಲ್ಲಿ ನೇರ ಕೊನೆಯ ಕಂತನ್ನೇ ಹಾಕಿಸಿಕೊಂಡು ನೋಡಿದಳು, ಅದೂ ಮುಗಿಯಿತು. ನಾಯಕಿ ಬಾಗಿಲಲ್ಲೇ ನಿಂತಿದ್ದಳು. ಕೆಳಗೆ 'ಮುಂದುವರಿಯುವುದು' ಎಂದು ಬಂತು.

"ಮುಂದಿಂದು ಹಾಕೋ."

"ಇಲ್ಲ ಚಿಕ್ಕಮ್ಮ, ಇಷ್ಟೇ ತೆಗ್ದಿರೋದು."

"ಹಂಗಾರೆ ಅವ್ನು ಬರೋದನ್ನ ಯಾರೂ ತೆಗ್ದೇ ಇಲ್ವಾ?"

"ಇಲ್ಲ."

ಸೆರಗಿನ ತುದಿಯಿಂದ ಮೊಬೈಲಿನ ಕುಂಕುಮ ಒರೆಸಿದಳು. ಆಮೇಲೆ ತನ್ನ ಹಣೆಯದು.