ಒಂದನೇ ನಂಬರಿನ ಟೋಕನ್

2021ರಲ್ಲಿ ನಾನು ತಿರುವನಂತಪುರದ ಉಳ್ಳೂರಿನ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಡಾಕ್ಯುಮೆಂಟ್ ಅಸಿಸ್ಟೆಂಟ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ವಿದೇಶಕ್ಕೆ ಹೋಗುವವರ ಕಾಗದಗಳನ್ನು ಒಂದೊಂದಾಗಿ ನೋಡುವುದು, ಫಾರಂ ತುಂಬುವುದು, ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಫೈಲಿಗೆ ಹಾಕಿ ಕೊಡುವುದು. ತುಂಬಾದ ರಾಕೆಟ್ ಉಡಾವಣಾ ಕೇಂದ್ರದಲ್ಲಿ ಟೆಕ್ನಿಷಿಯನ್ ಆಗಿದ್ದ ನಿಮ್ಮ ಅಜ್ಜ ತೀರಿಕೊಂಡು ಆಗ ಒಂಬತ್ತು ವರ್ಷವಾಗಿತ್ತು. ಅವರು ಹೋದ ಮೇಲೆ ಊರಿಗೆ ಮರಳದೆ ನಾನು ಹಿಡಿದ ಮೊದಲ ಮತ್ತು ಕೊನೆಯ ಉದ್ಯೋಗ ಅದು.

ಅನಘಾ, ಕಿರಣ, ನೀವು ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರ ಕೊಡುವ ಮೊಮ್ಮಕ್ಕಳು. ನಾನು ಕಾಸರಗೋಡಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಮೇಷ್ಟ್ರು ಬೋರ್ಡಿನಲ್ಲಿ ಬರೆದದ್ದನ್ನು ತಪ್ಪಿಲ್ಲದೆ ನೋಟ್ ಪುಸ್ತಕಕ್ಕೆ ಇಳಿಸುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಎದ್ದು ನಿಂತು ಓದು ಎಂದರೆ ಮಾತ್ರ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಆಫೀಸಿನಲ್ಲೂ ಹಾಗೇ. ಫೋನ್ ಬಡಿದುಕೊಂಡರೆ ಬೇರೆ ಯಾರಾದರೂ ಎತ್ತಲಿ ಎಂದು ಕಾಯುತ್ತಿದ್ದೆ. ಆಫೀಸಿನ ಮಾಲೀಕ ಸಜಿ ಸಾರ್ ನನ್ನನ್ನು ಅಕ್ಕನ ಹಾಗೆ ಚೇಚ್ಚಿ ಎಂದೇ ಕರೆದು ಬಂದವರಿಗೆಲ್ಲ ಹೇಳುತ್ತಿದ್ದರು, “ಚೇಚ್ಚಿಯ ಕೈಗೆ ಕೊಟ್ಟರೆ ಫೈಲು ಮಾತಾಡುತ್ತದೆ. ಚೇಚ್ಚಿ ಮಾತಾಡುವುದಿಲ್ಲ.”

ಆ ಸೆಪ್ಟೆಂಬರ್ ಕೊನೆಯಲ್ಲಿ ಕಡಲತಡಿಯ ವಿಳಿಂಜಂನಿಂದ ಗಂಡ ಹೆಂಡತಿ ಇಬ್ಬರು ಬಂದರು. ಪತ್ರೋಸ್, ಎಪ್ಪತ್ತೊಂದು ವರ್ಷ, ಕಡಲಿಗೆ ಹೋಗಿ ಮೀನು ಹಿಡಿದು ಬದುಕಿದವರು. ತ್ರೇಸ್ಯ, ಅರವತ್ತಾರು, ಆ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರಿ ಮಗಳನ್ನು ನರ್ಸ್ ಓದಿಸಿದವರು. ಮಗಳು ಶೀಬ ದುಬೈಯಲ್ಲಿದ್ದಳು. ಮದುವೆಯಾಗಿ ಎಂಟು ವರ್ಷಕ್ಕೆ ಮೊದಲ ಬಸಿರು, ಅಕ್ಟೋಬರ್ 11ರ ಸೋಮವಾರ ಸಿಸೇರಿಯನ್ ಎಂದು ಡಾಕ್ಟರು ದಿನ ಹಾಕಿದ್ದರು. ಗಂಡ ಸರಕು ಹಡಗಿನಲ್ಲಿ ಕೆಲಸದವನು. ಕೋವಿಡ್ ಕಾರಣಕ್ಕೆ ಬಂದರುಗಳಲ್ಲಿ ಸಿಬ್ಬಂದಿಯನ್ನು ಇಳಿಯಲು ಬಿಡದೆ, ಅವನು ಎಲ್ಲೋ ನಡುಗಡಲಿನಲ್ಲಿ ಸಿಕ್ಕಿಕೊಂಡಿದ್ದ. ಹೊಟ್ಟೆ ಕುಯ್ದ ಬಾಣಂತಿ ಹಸುಗೂಸಿನೊಂದಿಗೆ ಒಬ್ಬಳೇ ಒಂದು ಫ್ಲ್ಯಾಟಿನಲ್ಲಿ ಇರಬೇಕು, ಇಲ್ಲವೇ ಅಪ್ಪ ಅಮ್ಮ ಅಷ್ಟರೊಳಗೆ ತಲುಪಬೇಕು.

“ನಮಗೆ ವಿಮಾನ ಬೇಡ ಮೋಳೇ,” ಎಂದರು ಪತ್ರೋಸ್, ನನ್ನನ್ನೂ ಮಗಳೇ ಎಂದು ಕರೆದು. “ದೋಣಿಯಲ್ಲೇ ಹೋಗಿಬಿಡುತ್ತಿದ್ದೆ. ಇವಳಿಗೆ ವಾಂತಿ ಬರುತ್ತದೆ.”

“ಮೀನುಗಾರನ ಹೆಂಡತಿಗೆ ಕಡಲು ಆಗುವುದಿಲ್ಲ ಎಂದು ಇಡೀ ಊರಿಗೆ ಹೇಳಿ ಆಯಿತು. ಇನ್ನು ಇಲ್ಲಿಯೂ ಹೇಳಿ,” ಎಂದರು ತ್ರೇಸ್ಯ.

ವೀಸಾವನ್ನು ಶೀಬಳೇ ಅಲ್ಲಿಂದ ಹಾಕಿದಳು. ಇಬ್ಬರಿಗೂ ಎರಡು ಡೋಸ್ ಆಗಿತ್ತು. ಲಸಿಕೆ ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಸೇರಿಸಿ ಕೊಟ್ಟೆ. ಆ ವಾರ ತಿರುವನಂತಪುರದಿಂದ ಸೀಟು ಸಿಗದೆ, ಕೊಚ್ಚಿಯಿಂದ 9ರ ಶನಿವಾರ ಮಧ್ಯಾಹ್ನ 3.10ರ ವಿಮಾನಕ್ಕೆ ಟಿಕೆಟ್ ಮಾಡಿದೆವು.

ಆಗ ಎರಡು ಪರೀಕ್ಷೆಗಳ ನಿಯಮವಿತ್ತು. ಮೊದಲನೆಯದು ಆರ್‌ಟಿ-ಪಿಸಿಆರ್. ಮೂಗು ಗಂಟಲಿನಿಂದ ದ್ರವ ತೆಗೆದು ಲ್ಯಾಬಿನಲ್ಲಿ ನೋಡುವುದು. ವಿಮಾನ ಹೊರಡುವ ಹೊತ್ತಿಗೆ, ದ್ರವ ತೆಗೆದು 48 ಗಂಟೆ ದಾಟಿರಬಾರದು. ವರದಿಯಲ್ಲಿ ಒಂದು ಕ್ಯೂಆರ್ ಕೋಡ್ ಇರಬೇಕು. ಅಂದರೆ ಮೊಬೈಲಿನಿಂದ ಆ ಚೌಕವನ್ನು ಸ್ಕ್ಯಾನ್ ಮಾಡಿದರೆ ಲ್ಯಾಬಿನ ಅಸಲು ವರದಿ ತೆರೆದುಕೊಳ್ಳಬೇಕು. ಎರಡನೆಯದು ವಿಮಾನ ನಿಲ್ದಾಣದಲ್ಲೇ ಮಾಡುವ ರ‍್ಯಾಪಿಡ್ ಪರೀಕ್ಷೆ, ಅರ್ಧ ಗಂಟೆಯಲ್ಲಿ ಫಲಿತಾಂಶ. ನಮ್ಮ ವಿಮಾನದವರಿಗೆ ಆ ಕೌಂಟರ್ ಮಧ್ಯಾಹ್ನ ಒಂದಕ್ಕೆ ಮುಚ್ಚುತ್ತಿತ್ತು. ಮೊದಲನೆಯದರ ವರದಿ ಸರಿಯಿಲ್ಲದಿದ್ದರೆ ಎರಡನೆಯದಕ್ಕೆ ಮೂಗು ಕೂಡ ಮುಟ್ಟುತ್ತಿರಲಿಲ್ಲ.

ಅದಕ್ಕೇ ನಾನು ಆರ್‌ಟಿ-ಪಿಸಿಆರ್ ಅನ್ನು ಶುಕ್ರವಾರ ಬೆಳಿಗ್ಗೆಗೆ ಇಟ್ಟೆ. ಉಳ್ಳೂರಿನ ಲ್ಯಾಬಿಗೆ ಅವರೊಂದಿಗೆ ನಾನೂ ಹೋದೆ. ಪತ್ರೋಸ್ ಜೇಬಿನಿಂದ ಒಂದು ಟೋಕನ್ ತೆಗೆದು ತೋರಿಸಿದರು. ಒಂದನೇ ನಂಬರ್. ನಮ್ಮ ಮುಂದೆ ಆಗಲೇ ಹತ್ತು ಹನ್ನೆರಡು ಜನ ಕೂತಿದ್ದರು. ಬೆಳ್ಳಂಬೆಳಿಗ್ಗೆ ಬಂದು ತೆಗೆದುಕೊಂಡಿರಬೇಕು ಎಂದುಕೊಂಡೆನೇ ಹೊರತು ಕೇಳಲಿಲ್ಲ. ಒಳಗೆ ಸಿಸ್ಟರ್ ದ್ರವ ತೆಗೆದು, ನೀಲಿ ರಟ್ಟಿನ ರಿಜಿಸ್ಟರಿನಲ್ಲಿ ಹೆಸರು, ಸಮಯ ಬರೆದು ಇಬ್ಬರಿಂದ ಸಹಿ ಹಾಕಿಸಿಕೊಂಡರು. ನಾನು ಗೋಡೆಯ ಗಡಿಯಾರ ನೋಡಿ ನನ್ನ ನೋಟ್ ಪುಸ್ತಕದಲ್ಲಿ ಬರೆದೆ: ಶುಕ್ರವಾರ, 8ನೇ ತಾರೀಕು, 9.20. ಸಂಜೆ ವರದಿ ಬಂತು. ಇಬ್ಬರಿಗೂ ನೆಗೆಟಿವ್. ಹೆಸರು ನೋಡಿದೆ, ಪಾಸ್‌ಪೋರ್ಟ್ ನಂಬರ್ ಬೆರಳಿಟ್ಟು ನೋಡಿದೆ, ಚೌಕ ಸ್ಕ್ಯಾನ್ ಮಾಡಿದೆ. ತೆರೆಯಿತು. ಫೈಲಿಗೆ ಹಾಕಿದೆ.

ಆ ಸಂಜೆ ಶೀಬ ವಿಡಿಯೋ ಕಾಲ್ ಮಾಡಿದ್ದಳು. ಮುಖ ಊದಿಕೊಂಡಿತ್ತು. “ಚೇಚ್ಚಿ, ಅವರು ಒಳಗೆ ಹೋಗುವವರೆಗೆ ನೀವು ಜೊತೆಗಿರುತ್ತೀರಾ? ಅಪ್ಪಚ್ಚನ್ ಎಲ್ಲಿ ಯಾವ ಸಾಲಿನಲ್ಲಿ ಹೋಗಿ ನಿಲ್ಲುತ್ತಾರೋ ಗೊತ್ತಿಲ್ಲ,” ಎಂದಳು. ನಾನು ತಲೆಯಾಡಿಸಿದೆ. ಹಾಗಾಗಿ ಶನಿವಾರ ಬೆಳಿಗ್ಗೆ ಐದಕ್ಕೆ ಅವರ ಟ್ಯಾಕ್ಸಿಯಲ್ಲಿ ನಾನೂ ಹೊರಟೆ. ತ್ರೇಸ್ಯರ ಮಡಿಲಲ್ಲಿ ಬಾಣಂತಿಗೆಂದು ಮಾಡಿದ ಈರುಳ್ಳಿ ಲೇಹ್ಯದ ಭರಣಿ. ಅದನ್ನು ಡಿಕ್ಕಿಯಲ್ಲಿಡಲು ಅವರು ಒಪ್ಪಲೇ ಇಲ್ಲ. ಕೊಚ್ಚಿಯ ನಿಲ್ದಾಣ ತಲುಪಿದಾಗ 11.15. ಭರಣಿಯನ್ನು ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಡಿಸಿ, ಇಬ್ಬರನ್ನೂ ಒಳಗೆ ಕಳಿಸಿ, ಪ್ರಯಾಣಿಕರಲ್ಲದವರು ನಿಲ್ಲುವ ಬೇಲಿಯ ಹೊರಗೆ ನಿಂತೆ.

11.50ಕ್ಕೆ ಪತ್ರೋಸ್ ಫೋನ್ ಮಾಡಿದರು. “ಮೋಳೇ, ನಮ್ಮ ಪರೀಕ್ಷೆ ಹಳೆಯದಾಯಿತು ಅನ್ನುತ್ತಿದ್ದಾರೆ.”

ಹಿಂದಿನಿಂದ ತ್ರೇಸ್ಯರ ದನಿ. “ನಿನ್ನೆ ಬೆಳಿಗ್ಗೆ ಮಾಡಿದ್ದು ಇವತ್ತು ಹಳೆಯದಾಗಲು ಅದೇನು ಮತ್ತಿ ಮೀನೇ?”

ಕೌಂಟರಿನ ಹುಡುಗಿ ಫೋನ್ ತೆಗೆದುಕೊಂಡಳು. ಇಂಗ್ಲಿಷಿನಲ್ಲಿ, ಬೇಸರವಿಲ್ಲದೆ, ಬಿಡಿಸಿ ಹೇಳಿದಳು. ವರದಿಯಲ್ಲಿ ಸ್ಯಾಂಪಲ್ ತೆಗೆದ ಸಮಯ ಗುರುವಾರ, 7ನೇ ತಾರೀಕು, 11.40. ವಿಮಾನ ಹೊರಡುವಾಗ ಐವತ್ತೊಂದೂವರೆ ಗಂಟೆಯಾಗುತ್ತದೆ. ಬಿಡಲು ಸಾಧ್ಯವಿಲ್ಲ, ಮೇಡಂ.

ನನ್ನ ಫೈಲಿನಲ್ಲಿದ್ದ ಪ್ರತಿ ತೆಗೆದೆ. ಅಲ್ಲೇ ಇತ್ತು, ಸಣ್ಣ ಅಕ್ಷರದಲ್ಲಿ. ಹಿಂದಿನ ಸಂಜೆ ಆ ಒಂದು ಸಾಲನ್ನು ನಾನು ಓದಿರಲಿಲ್ಲ. ಸಮಯವನ್ನು ನಾನೇ ಕಣ್ಣಾರೆ ಕಂಡು ಬರೆದುಕೊಂಡಿದ್ದೆನಲ್ಲ, ಇನ್ನು ಓದುವುದೇನು ಎಂಬ ಭಾವ. ಫೋನನ್ನು ಪತ್ರೋಸ್ ಅವರಿಗೆ ಕೊಡಲು ಹೇಳಿದೆ.

“ಅಪ್ಪಚ್ಚಾ, ಗುರುವಾರ ನೀವು ಲ್ಯಾಬಿಗೆ ಹೋಗಿದ್ದಿರಾ?” ಎಂದೆ, ಶೀಬ ಅಪ್ಪನನ್ನು ಕರೆಯುವ ಹಾಗೇ.

“ಹೋಗಿದ್ದೆ. ಜಾಗ ಹಿಡಿಯಲು.”

ಹಾರ್ಬರಿನಲ್ಲಿ ಮೀನು ಹರಾಜಿಗೆ ಮುಂಚೆ ಬಂದು ಬುಟ್ಟಿ ಇಟ್ಟವನದೇ ಮೊದಲ ಜಾಗ. ಇಡೀ ಆಯುಷ್ಯ ಹಾಗೆ ಬದುಕಿದ ಮನುಷ್ಯ, ಶುಕ್ರವಾರದ ಪರೀಕ್ಷೆಗೆ ಗುರುವಾರವೇ ಎರಡು ಪಾಸ್‌ಪೋರ್ಟ್ ಹಿಡಿದು ಹೋಗಿ ಹೆಸರು ಬರೆಸಿ ಬಂದಿದ್ದರು. ಆಮೇಲೆ ತಿಳಿದ ಹಾಗೆ, ಲ್ಯಾಬಿನ ಹುಡುಗಿ ಇವರ ಒತ್ತಾಯಕ್ಕೆ ಮರುದಿನದ ಒಂದನೇ ಟೋಕನ್ ಕೊಟ್ಟು, ಟ್ಯೂಬಿಗೆ ಅಂಟಿಸುವ ಬಾರ್‌ಕೋಡ್ ಚೀಟಿಯನ್ನೂ ಆಗಲೇ ಕಂಪ್ಯೂಟರಿನಲ್ಲಿ ತೆಗೆದಿಟ್ಟಿದ್ದಳು. ಚೀಟಿ ಹುಟ್ಟಿದ ಸಮಯವನ್ನೇ ಕಂಪ್ಯೂಟರ್ ಸ್ಯಾಂಪಲ್ಲಿನ ಸಮಯ ಮಾಡಿಕೊಂಡಿತ್ತು.

“ನಮ್ಮ ಮದುವೆಗೆ ಚರ್ಚಿನ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ ಮನುಷ್ಯ ಇದು,” ಎಂದರು ತ್ರೇಸ್ಯ. ಬೈಯಲು ಶುರುಮಾಡಿದ ದನಿ ಅರ್ಧದಲ್ಲೇ ಒಡೆಯಿತು. “ನನ್ನ ಮಗಳು ಒಬ್ಬಳೇ ಆಗುತ್ತಾಳಲ್ಲ ಮೋಳೇ.”

ಸಜಿ ಸಾರ್‌ಗೆ ಫೋನ್ ಮಾಡಿದೆ. ಅವರು ಅಲ್ಲೇ ಕಂಪ್ಯೂಟರ್ ನೋಡಿ, “ಮುಂದಿನ ಸೀಟು ಗುರುವಾರಕ್ಕೆ, ಚೇಚ್ಚಿ,” ಎಂದರು. ಆಪರೇಷನ್ ಸೋಮವಾರ. “ಲ್ಯಾಬಿನವರು ಕೊಟ್ಟ ವರದಿ ತಿದ್ದುವುದು ಕಷ್ಟ. ನಾನು ಮಾತಾಡಿ ನೋಡಲೇ?”

“ಬೇಡ ಸಾರ್,” ಎಂದೆ. “ಅಲ್ಲಿ ನಿಂತು ನೋಡಿದವಳು ನಾನು. ನಾನೇ ಮಾತಾಡುತ್ತೇನೆ.”

ಲ್ಯಾಬಿಗೆ ಫೋನ್ ಹಚ್ಚಿದಾಗ 12.05. ಎತ್ತಿದ ಹುಡುಗಿ, “ಟೈಮ್ ಬದಲಾಯಿಸಲು ಆಗುವುದಿಲ್ಲ ಮೇಡಂ. ಎಲ್ಲರೂ ಹೀಗೇ ಕೇಳುತ್ತಾರೆ,” ಎಂದಳು.

“ಬದಲಾಯಿಸಿ ಅಂತ ಕೇಳುತ್ತಿಲ್ಲ ಮೋಳೇ. ನಿಮ್ಮ ಸಿಸ್ಟರ್ ಬರೆದದ್ದನ್ನು ಓದಿ ಅಂತ ಕೇಳುತ್ತಿದ್ದೇನೆ. ಒಳಗಿನ ಕೋಣೆಯಲ್ಲಿ ನೀಲಿ ರಟ್ಟಿನ ರಿಜಿಸ್ಟರ್ ಇದೆ. ಶುಕ್ರವಾರದ ಹಾಳೆ ತೆಗೆಯಿರಿ. ಹುಡುಕುವುದು ಬೇಡ, ಮೊದಲ ಎರಡು ಸಾಲು.”

ನನ್ನ ದನಿ ಎಷ್ಟು ಏರಿತ್ತು ಎಂದು ತಿಳಿದದ್ದು, ಬೇಲಿಯ ಪಕ್ಕದಲ್ಲಿದ್ದವರು ತಿರುಗಿ ನೋಡಿದಾಗ. ಬೇರೆ ದಿನವಾಗಿದ್ದರೆ ಸೆರಗು ಎಳೆದುಕೊಂಡು ಮೂಲೆಗೆ ಸರಿಯುತ್ತಿದ್ದೆ. ಅಂದು ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ತೆರೆದ ನೋಟ್ ಪುಸ್ತಕ. ನಿಂತಲ್ಲೇ ನಿಂತೆ.

ಹುಡುಗಿ ಫೋನ್ ಕೆಳಗಿಟ್ಟು ಹೋದಳು. ಮರಳಿ ಬಂದದ್ದು ಲ್ಯಾಬಿನ ಡಾಕ್ಟರು. “ನೀವು ಅವರಿಗೆ ಏನಾಗಬೇಕು?”

“ಏನೂ ಅಲ್ಲ ಡಾಕ್ಟರ್. ಅವರ ಕಾಗದಗಳ ಜವಾಬ್ದಾರಿ ನನ್ನದು. 9.20ಕ್ಕೆ ಇಬ್ಬರ ಸ್ಯಾಂಪಲ್ ತೆಗೆದರು. ಸಹಿ ಹಾಕುವಾಗ ಪತ್ರೋಸ್ ಅವರ ಪೆನ್ನು ಬರೆಯಲಿಲ್ಲ. ಸಿಸ್ಟರ್ ಕೆಂಪು ಪೆನ್ನು ಕೊಟ್ಟರು. ಆ ಸಹಿ ಕೆಂಪಾಗಿರಬೇಕು.”

ಹಾಳೆ ಸರಿಸಿದ ಸದ್ದು ಕೇಳಿಸಿತು. “ಕೆಂಪೇ,” ಎಂದರು ಡಾಕ್ಟರು. “ಇಲ್ಲಿ 9.20 ಎಂದೇ ಇದೆ. ತಪ್ಪು ನಮ್ಮ ಕಂಪ್ಯೂಟರಿನದು. ತಿದ್ದಿದ ವರದಿಗೆ ನಾನು ಸಹಿ ಮಾಡಬೇಕು, ಇಪ್ಪತ್ತು ನಿಮಿಷ ಕೊಡಿ.”

ನಿಲ್ದಾಣದ ಕೌಂಟರಿನ ಹುಡುಗಿಯೊಂದಿಗೆ ಮತ್ತೆ ಮಾತಾಡಿ, ಅವರಿಬ್ಬರನ್ನು ಸಾಲಿನಿಂದ ಹೊರಗೆ ಕಳಿಸಬೇಡಿ ಎಂದೆ. “ಒಂದಕ್ಕೆ ಮುಚ್ಚುವವರೆಗೆ ಇಲ್ಲೇ ನಿಂತಿರಲಿ, ಆಂಟಿ,” ಎಂದಳು. ಮೇಡಂ ಹೋಗಿ ಆಂಟಿ ಆಗಿದ್ದೆ.

12.25 ಆಯಿತು, 12.30 ಆಯಿತು, ಬರಲಿಲ್ಲ. 12.38ಕ್ಕೆ ಫೋನ್ ಟಣ್ ಎಂದಿತು. ಈ ಸಲ ಮೊದಲು ಸಮಯದ ಸಾಲನ್ನೇ ಓದಿದೆ. ಆಮೇಲೆ ಹೆಸರು, ನಂಬರ್, ಚೌಕ. ಎರಡನೇ ವರದಿಯನ್ನೂ ಅಷ್ಟೇ ನಿಧಾನವಾಗಿ ಓದಿದೆ. ಒಂದು ಸಾಲೂ ಬಿಡಲಿಲ್ಲ. ನಂತರ ಶೀಬ ಕೊಡಿಸಿದ್ದ ಅವಳ ಅಪ್ಪನ ಮೊಬೈಲಿಗೆ ಕಳಿಸಿದೆ. 12.50ಕ್ಕೆ ಇಬ್ಬರ ಮೂಗಿಗೂ ಕಡ್ಡಿ ಹೋಯಿತು.

1.25ಕ್ಕೆ ಪತ್ರೋಸ್ ಫೋನ್ ಮಾಡಿ ಬರೀ ಉಸಿರು ಬಿಟ್ಟರು. ಮಾತಾಡಿದ್ದು ತ್ರೇಸ್ಯ. “ನೆಗೆಟಿವ್. ಇಬ್ಬರಿಗೂ. ಇವರಿಗೆ ಮಾತು ನಿಂತಿದೆ. ದುಬೈ ತಲುಪುವವರೆಗೆ ಹೀಗೇ ಇರಲಿ.”

ಗಾಜಿನಾಚೆ ದೂರದಲ್ಲಿ ಇಬ್ಬರೂ ಕಂಡರು. ಪತ್ರೋಸ್ ಎರಡೂ ಕೈ ಎತ್ತಿ ಬೀಸಿದರು, ದೋಣಿಯಿಂದ ದಡದವರಿಗೆ ಬೀಸುವ ಹಾಗೆ. ನಾನೂ ಎತ್ತಿದೆ, ಅಷ್ಟು ಜನರ ನಡುವೆ. 3.10ಕ್ಕೆ ಹೊರಡಬೇಕಾದ ವಿಮಾನ 3.10ಕ್ಕೇ ಹೊರಟಿತು. ನಾನು ನಿಲ್ದಾಣದ ಹೊರಗೆ ಒಂದು ಚಾಯ ಕುಡಿದು, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಆಲಪ್ಪುಳದವರೆಗೆ ನಿದ್ದೆ ಮಾಡಿದೆ.

ಸೋಮವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಶೀಬಳ ಫೋನಿನಿಂದ ತ್ರೇಸ್ಯ ಎರಡು ಚಿತ್ರ ಕಳಿಸಿದರು. ಒಂದರಲ್ಲಿ ಹೆಣ್ಣು ಮಗು, ಮೂರು ಕಿಲೋ ನೂರು ಗ್ರಾಂ. ಇನ್ನೊಂದರಲ್ಲಿ ಆಸ್ಪತ್ರೆಯ ಉದ್ದನೆಯ ಖಾಲಿ ಕಾರಿಡಾರ್. ಸಾಲಾಗಿ ಇಟ್ಟ ಕುರ್ಚಿಗಳಲ್ಲಿ ಮೊದಲನೆಯದರಲ್ಲಿ ಪತ್ರೋಸ್. ಎದೆಗೆ ಅಂಟಿಸಿದ, ಭೇಟಿಗೆ ಬಂದವರ ಚೀಟಿಯಲ್ಲಿ ಒಂದನೇ ನಂಬರ್. ಕೆಳಗೆ ತ್ರೇಸ್ಯರ ವಾಯ್ಸ್ ಮೆಸೇಜ್: “ಭೇಟಿಗೆ ಒಳಗೆ ಬಿಡುವುದು ಎಂಟಕ್ಕೆ. ಈ ಮನುಷ್ಯ ಆರಕ್ಕೇ ಬಾಗಿಲಲ್ಲಿ.”

ಅಂದು ಆಫೀಸಿನ ಫೋನ್ ಬಡಿದುಕೊಂಡಾಗ ಎತ್ತಿದವಳು ನಾನೇ. ಸಜಿ ಸಾರ್ ಕನ್ನಡಕದ ಮೇಲಿಂದ ನೋಡಿದರು.

ಬಸ್ ಟಿಕೆಟನ್ನೂ ಗ್ಯಾಸ್ ಚೀಟಿಯನ್ನೂ ಅಜ್ಜಿ ಎರಡೆರಡು ಸಲ ಯಾಕೆ ಓದುತ್ತಾಳೆ ಎಂದು ನೀವು ನಗುತ್ತೀರಿ. ಕಾರಣ ಇದು. ನಮ್ಮ ಕಣ್ಣು ಕಂಡದ್ದು ನಮ್ಮ ಬಳಿಯೇ ಉಳಿಯುತ್ತದೆ. ಕೌಂಟರಿನಾಚೆ ಕೂತವರಿಗೆ ಕಾಣುವುದು ಕಾಗದ ಮಾತ್ರ. ಹಾಗಾಗಿ ಏನೂ ಗೊತ್ತಿಲ್ಲದ ಹೊರಗಿನವರ ಹಾಗೆ ಅದನ್ನು ಓದಬೇಕು. ಅಷ್ಟಾಗಿಯೂ ಕಾಗದ ಸುಳ್ಳು ಹೇಳಿದರೆ, ನಿಜ ಕಂಡವರು ಬಾಯಿ ಬಿಡಬೇಕು, ಎಷ್ಟೇ ನಾಚಿಕೆಯಿದ್ದರೂ. ಆ ಹುದ್ದೆ ನನಗೆ ಕಲಿಸಿದ್ದು ಇಷ್ಟು. ಕಲಿಯುವಾಗ ನನಗೆ ಅರವತ್ತಮೂರು ವರ್ಷ.